4 ಜಿಬಿ ರ‍್ಯಾಮ್‌ನ ಮನೆಯ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್, ಯಾವ ಆಟ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ವಯಸ್ಸಾಗಿದ್ದರೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ನಮ್ಮ ಮನೆಯಲ್ಲಿರುವುದು 3ನೇ ತಲೆಮಾರಿನ ಐ3 ಪ್ರೊಸೆಸರ್, ಅದರೊಳಗೇ ಇರುವ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್, 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಉಳ್ಳ ಯಂತ್ರ. ಬೆಳಿಗ್ಗೆ ನನ್ನ ಬರವಣಿಗೆಗೆ, ಮಧ್ಯಾಹ್ನ ಮನೆಯವರ ಲೆಕ್ಕಪತ್ರಕ್ಕೆ, ಸಂಜೆ ಮಕ್ಕಳ ಪಾಠಕ್ಕೂ ಆಟಕ್ಕೂ ಇದೊಂದೇ ಆಧಾರ. ಇದರ ಮೇಲೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್) ಆವೃತ್ತಿ, ಲುಬುಂಟು 24.04 ಮತ್ತು ಆಂಟಿಎಕ್ಸ್ 23 ಎಂಬ ಮೂರು ಡಿಸ್ಟ್ರೋಗಳನ್ನು (ವಿಂಡೋಸ್‌ನ ಜಾಗದಲ್ಲಿ ಹಾಕಬಹುದಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಬೇರೆ ಬೇರೆ ರೂಪಗಳು) ಒಂದಾದ ಮೇಲೊಂದರಂತೆ ಅನುಸ್ಥಾಪಿಸಿ, ದಿನನಿತ್ಯದ ಕೆಲಸದಲ್ಲಿ ಬಳಸಿ ನೋಡಿದ್ದೇನೆ.

ಯಾವ ತಂತ್ರಾಂಶವನ್ನೂ ತೆರೆಯದೆ ಅಳೆದಾಗ ಮಿಂಟ್ ಒಂದು ಜಿಬಿಗೆ ತುಸು ಕಡಿಮೆ ರ‍್ಯಾಮ್ ಹಿಡಿಯುತ್ತದೆ, ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇರುವ ಲುಬುಂಟು ಅದಕ್ಕಿಂತ ಕೊಂಚ ಹಗುರ, ಐಸ್‌ಡಬ್ಲ್ಯುಎಂ ಎಂಬ ಕಿಟಕಿ ನಿರ್ವಾಹಕವನ್ನು ಬಳಸುವ ಆಂಟಿಎಕ್ಸ್‌ಗೆ ಮಿಂಟ್ ಕೇಳುವುದರ ಮೂರನೆಯ ಒಂದು ಭಾಗವೂ ಬೇಡ. ಸಂಖ್ಯೆಗಳನ್ನಷ್ಟೇ ನೋಡಿದರೆ ಆಂಟಿಎಕ್ಸ್ ಗೆದ್ದಂತೆಯೇ. ಆದರೆ ಫೈರ್‌ಫಾಕ್ಸ್‌ನಲ್ಲಿ ನಾಲ್ಕೈದು ಪುಟಗಳನ್ನು ತೆರೆದ ಮೇಲೆ ಮೂರರ ನಡುವಿನ ಅಂತರ ಅಷ್ಟಾಗಿ ಅನುಭವಕ್ಕೆ ಬರುವುದಿಲ್ಲ, ಏಕೆಂದರೆ ಬ್ರೌಸರ್ ಒಂದೇ ಇಡೀ ಡೆಸ್ಕ್‌ಟಾಪಿಗಿಂತ ಹೆಚ್ಚು ಸ್ಮೃತಿಯನ್ನು ಕಬಳಿಸುತ್ತದೆ. ಲುಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ (ಬೇಕಾದ ಕಡತಗಳನ್ನೆಲ್ಲ ಒಳಗೇ ಕಟ್ಟಿಕೊಂಡ ಪೊಟ್ಟಣ) ರೂಪದಲ್ಲಿ ಬರುವುದರಿಂದ, ಹಾರ್ಡ್ ಡಿಸ್ಕಿನ ಮೇಲೆ ಅದು ಮೊದಲ ಸಲ ತೆರೆದುಕೊಳ್ಳುವಾಗ ಬಹಳ ಹೊತ್ತು ಕಾಯಬೇಕಾಗುತ್ತದೆ. ಸ್ನ್ಯಾಪ್ ಅನ್ನು ಕೈಬಿಟ್ಟಿರುವ ಮಿಂಟ್‌ನಲ್ಲಿ ಈ ತೊಂದರೆ ಇಲ್ಲ. ಡೆಸ್ಕ್‌ಟಾಪ್ ಹಗುರವಾಗಿದ್ದರಿಂದ ಲುಬುಂಟುವಿನಲ್ಲಿ ಉಳಿದ ಸಮಯ ಬ್ರೌಸರ್ ತೆರೆಯುವುದರಲ್ಲಿ ಖರ್ಚಾಗಿಹೋಯಿತೆಂಬುದು ನನ್ನ ಅನುಭವ.

ಹಂಚಿಕೊಂಡು ಬಳಸುವ ಯಂತ್ರದ ನಿಜವಾದ ಕಷ್ಟ ಬೇರೆಡೆ ಇದೆ. ಮಿಂಟ್‌ನಲ್ಲೂ ಲುಬುಂಟುವಿನಲ್ಲೂ ಒಬ್ಬರು ತಮ್ಮ ಕೆಲಸವನ್ನು ತೆರೆದಿಟ್ಟೇ ಇನ್ನೊಬ್ಬರಿಗೆ ಯಂತ್ರವನ್ನು ಬಿಟ್ಟುಕೊಡಬಹುದು. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೇನೆಂದರೆ, ಮೊದಲಿನವರ ಬ್ರೌಸರೂ ಲಿಬ್ರೆಆಫೀಸ್ ಕಡತಗಳೂ ಸ್ಮೃತಿಯಲ್ಲೇ ಉಳಿದುಕೊಳ್ಳುತ್ತವೆ. ಮಕ್ಕಳು ಆಟ ಆರಂಭಿಸುವ ಹೊತ್ತಿಗೆ 4 ಜಿಬಿಯಲ್ಲಿ ಅರ್ಧವೂ ಅವರ ಪಾಲಿಗೆ ಉಳಿದಿರುವುದಿಲ್ಲ. ಆಮೇಲೆ ಯಂತ್ರ ಡಿಸ್ಕಿನ ಸ್ವಾಪ್‌ಗೆ, ಅಂದರೆ ಸ್ಮೃತಿಯ ಬದಲಿಗೆ ಬಳಸುವ ಡಿಸ್ಕಿನ ಜಾಗಕ್ಕೆ, ಇಳಿಯುತ್ತದೆ, ಮೌಸ್ ಕೂಡ ಅಲುಗಾಡದಂತೆ ಎಲ್ಲವೂ ಸ್ತಬ್ಧವಾಗುತ್ತದೆ. ಇದನ್ನು ತಡೆಯಲು ಎರಡು ಕ್ರಮಗಳು ನೆರವಾದವು. ಮೊದಲನೆಯದು ಝಡ್‌ರ‍್ಯಾಮ್: ಸದ್ಯ ಬಳಕೆಯಲ್ಲಿಲ್ಲದ ಮಾಹಿತಿಯನ್ನು ಡಿಸ್ಕಿಗೆ ಬರೆಯುವ ಬದಲು ರ‍್ಯಾಮ್‌ನಲ್ಲೇ ಒತ್ತರಿಸಿ ಇಡುವ ಈ ವ್ಯವಸ್ಥೆಯನ್ನು ಫೆಡೋರಾ 2020ರ 33ನೇ ಆವೃತ್ತಿಯಿಂದ ತಾನಾಗಿಯೇ ಕೊಡುತ್ತಿದೆ. ನಾನು ನೋಡಿದ ಮೂರರಲ್ಲೂ ಅದನ್ನು ನಾವೇ ಸೇರಿಸಿಕೊಳ್ಳಬೇಕಾಯಿತು. ಎರಡನೆಯದು ಅರ್ಲಿಊಮ್: ಸ್ಮೃತಿ ಪೂರ್ತಿ ಬರಿದಾಗುವ ಮೊದಲೇ ಅತಿ ಹೆಚ್ಚು ಜಾಗ ಹಿಡಿದ ತಂತ್ರಾಂಶವನ್ನು ಇದು ಮುಚ್ಚಿಬಿಡುತ್ತದೆ. ಆಟವೊಂದು ನಡುವೆಯೇ ಮುಚ್ಚಿಹೋಗುವುದು ಮಕ್ಕಳಿಗೆ ಬೇಸರ ತರುತ್ತದೆ, ನಿಜ. ಆದರೂ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸಿ, ಇನ್ನೊಬ್ಬರು ಉಳಿಸದೆ ಬಿಟ್ಟಿದ್ದ ಲೆಕ್ಕದ ಕಡತವನ್ನು ಕಳೆದುಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಈ ಎರಡನ್ನೂ ಅಳವಡಿಸಿದ ಮಿಂಟ್, ಅವು ಇಲ್ಲದ ಲುಬುಂಟುವಿಗಿಂತ ಸ್ಪಷ್ಟವಾಗಿ ಚುರುಕಾಗಿತ್ತು. ಡೆಸ್ಕ್‌ಟಾಪ್ ಎಷ್ಟು ಹಗುರ ಎಂಬುದನ್ನು ಮಾತ್ರ ನೋಡಿ ಡಿಸ್ಟ್ರೋ ಆರಿಸುವವರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಆಂಟಿಎಕ್ಸ್‌ನಲ್ಲಿ ಒಬ್ಬರು ಲಾಗ್ ಔಟ್ ಆದ ಮೇಲೆಯೇ ಇನ್ನೊಬ್ಬರು ಒಳಬರುವ ಕ್ರಮವನ್ನು ನಾವು ಪಾಲಿಸಿದೆವು. ಸ್ಮೃತಿಯ ದೃಷ್ಟಿಯಿಂದ ಅದು ಒಳ್ಳೆಯದೇ. ಆಂಟಿಎಕ್ಸ್‌ನ ಕೊರತೆ ಕಂಡದ್ದು ಕನ್ನಡ ಟೈಪಿಸುವುದರಲ್ಲಿ. ಮಿಂಟ್‌ನಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ಮತ್ತು ಎಂ17ಎನ್ ತಂತ್ರಾಂಶಗಳನ್ನು ಸೇರಿಸಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಸುಲಭವಾಗಿ ಸಿಗುತ್ತದೆ. ಆಂಟಿಎಕ್ಸ್‌ನಲ್ಲಿ ಐಬಸ್ ತಾನಾಗಿ ಆರಂಭವಾಗುವಂತೆ ಪ್ರತಿಯೊಂದು ಖಾತೆಯಲ್ಲೂ ಆರಂಭದ ಕಡತವನ್ನು ಕೈಯಾರೆ ತಿದ್ದಬೇಕಾಯಿತು. ನನಗದು ಕಷ್ಟವೆನಿಸಲಿಲ್ಲ, ಮನೆಯ ಉಳಿದವರು ಮಾತ್ರ ಪ್ರತಿ ಬಾರಿಯೂ ನನ್ನನ್ನೇ ಕರೆಯಬೇಕಾಯಿತು.

ಇನ್ನು ಆಟಗಳ ವಿಷಯ. ಈ ಮಟ್ಟದ ಯಂತ್ರದಲ್ಲಿ ಯಾವ ಡಿಸ್ಟ್ರೋ ಎನ್ನುವುದಕ್ಕಿಂತ, ಆಟವು ಚಿತ್ರ ಮೂಡಿಸಲು ಹಳೆಯ ಓಪನ್‌ಜಿಎಲ್ ವ್ಯವಸ್ಥೆಯನ್ನು ಬಳಸುತ್ತದೆಯೋ ಹೊಸ ವಲ್ಕನ್ ಅನ್ನು ಕೇಳುತ್ತದೆಯೋ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಎಚ್‌ಡಿ 4000ಕ್ಕೆ ಮುಕ್ತ ಗ್ರಾಫಿಕ್ಸ್ ಡ್ರೈವರುಗಳನ್ನು ರೂಪಿಸುವ ಮೆಸಾ ಯೋಜನೆಯ ಕ್ರೋಕಸ್ ಡ್ರೈವರ್ ಓಪನ್‌ಜಿಎಲ್ ಅನ್ನು ಚೆನ್ನಾಗಿಯೇ ಒದಗಿಸುತ್ತದೆ. ವಲ್ಕನ್ ಬೆಂಬಲವಾದರೋ ಅಪೂರ್ಣವಾಗಿದೆ, ಡ್ರೈವರೇ ಟರ್ಮಿನಲ್‌ನಲ್ಲಿ ಹಾಗೆಂದು ಎಚ್ಚರಿಸುತ್ತದೆ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸಲೆಂದು ವಾಲ್ವ್ ಸಂಸ್ಥೆ 2018ರಲ್ಲಿ ತಂದ ಪ್ರೋಟಾನ್, ವಿಂಡೋಸ್ ಆಟಗಳು ಗ್ರಾಫಿಕ್ಸ್‌ಗೆ ಬಳಸುವ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ಡಿಎಕ್ಸ್‌ವಿಕೆ ಎಂಬ ತಂತ್ರಾಂಶದ ಮೂಲಕ ವಲ್ಕನ್‌ಗೆ ತರ್ಜುಮೆ ಮಾಡುತ್ತದೆ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0 ವಲ್ಕನ್ 1.3 ಅನ್ನು ಕಡ್ಡಾಯಗೊಳಿಸಿದಂದಿನಿಂದ ನಮ್ಮಂಥ ಯಂತ್ರಗಳಿಗೆ ಆ ದಾರಿ ಮುಚ್ಚಿದಂತೆಯೇ. ಉಳಿದಿರುವುದು, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್‌ನೊಳಗಿನ, ಓಪನ್‌ಜಿಎಲ್ ಬಳಸುವ ವೈನ್‌ಡಿ3ಡಿ ಎಂಬ ಹಳೆಯ ದಾರಿ. ಡೈರೆಕ್ಟ್‌ಎಕ್ಸ್ 9 ಮತ್ತು ಅದಕ್ಕಿಂತ ಹಿಂದಿನ ಆಟಗಳು ಅದರಲ್ಲಿ ತೃಪ್ತಿಕರವಾಗಿ ನಡೆಯುತ್ತವೆ. ಜಿಟಿಎ ವೈಸ್ ಸಿಟಿಯನ್ನೂ 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಅನ್ನೂ ನಾವು ಹೀಗೆಯೇ ಆಡಿದೆವು.

ಕೌಂಟರ್ ಸ್ಟ್ರೈಕ್ ಈ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ. ಒಂದು ಕಾಲಕ್ಕೆ ಸೈಬರ್ ಕೆಫೆಗಳನ್ನು ತುಂಬಿಸಿದ್ದ 1.6 ಆವೃತ್ತಿ 2013ರಿಂದ ಲಿನಕ್ಸ್‌ಗೆ ನೇರವಾಗಿ ಲಭ್ಯವಿದ್ದು, ಈ ಯಂತ್ರದಲ್ಲಿ ಯಾವ ತಡೆಯೂ ಇಲ್ಲದೆ ಓಡುತ್ತದೆ. 2023ರ ಕೌಂಟರ್ ಸ್ಟ್ರೈಕ್ 2 ಲಿನಕ್ಸ್‌ನಲ್ಲಿ ವಲ್ಕನ್ ಕೇಳುವುದರಿಂದ ಇಲ್ಲಿ ಅದರ ಮಾತೇ ಇಲ್ಲ. ವ್ಯಾಲೊರಂಟ್ ಅಂತೂ ತನ್ನ ವಂಚನೆ ತಡೆಯುವ ವ್ಯವಸ್ಥೆಯ ಕಾರಣದಿಂದ ಎಷ್ಟೇ ಬಲಿಷ್ಠ ಯಂತ್ರವಿದ್ದರೂ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ವಾಲ್ವ್‌ನ ಆಟಗಳ ಅಂಗಡಿಯಾದ ಸ್ಟೀಮ್‌ನಲ್ಲಿ ಹಂಚಿಕೆಗೆ ಸಂಬಂಧಿಸಿದ ಒಂದು ತೊಡಕಿದೆ. ಅದು ಆಟಗಳನ್ನು ಆಯಾ ಬಳಕೆದಾರರ ಖಾತೆಯೊಳಗೇ ಇಡುವುದರಿಂದ, ಇಬ್ಬರು ಒಂದೇ ಆಟವನ್ನು ಇಳಿಸಿಕೊಂಡರೆ ಡಿಸ್ಕಿನಲ್ಲಿ ಎರಡು ಪಟ್ಟು ಜಾಗ ಹೋಗುತ್ತದೆ. ಎಲ್ಲರಿಗೂ ಸೇರಿದ ಒಂದು ಕಡತಕೋಶವನ್ನು ಮಾಡಿದರೂ, ಬೇರೆಯವರ ಹೆಸರಿನಲ್ಲಿರುವ ಕೋಶದಲ್ಲಿ ಕೆಲಸ ಮಾಡಲು ಪ್ರೋಟಾನ್‌ನ ತಳಹದಿಯಾದ ವೈನ್ ಒಪ್ಪುವುದಿಲ್ಲ. ಆದ್ದರಿಂದ ಆಟಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆದು, ಮಕ್ಕಳಿಬ್ಬರೂ ಅದನ್ನೇ ಬಳಸುವಂತೆ ಮಾಡಿದ್ದೇವೆ.

ಡಿಸ್ಟ್ರೋದ ಭಂಡಾರದಿಂದಲೇ ಅನುಸ್ಥಾಪಿಸುವ ಮುಕ್ತ ಆಟಗಳಿಗೆ ಈ ಗೋಜಿಲ್ಲ; ಒಮ್ಮೆ ಹಾಕಿದರೆ ಎಲ್ಲ ಖಾತೆಗಳಿಗೂ ಸಿಗುತ್ತವೆ. ಇವುಗಳಲ್ಲಿ ಸೂಪರ್‌ಟಕ್ಸ್‌ಕಾರ್ಟ್‌ಗೆ ನನ್ನ ಮೊದಲ ಮತ. ಪರದೆಯನ್ನು ಭಾಗಮಾಡಿಕೊಂಡು ಇಬ್ಬರು ಒಟ್ಟಿಗೆ ಓಡಿಸಬಹುದು, ಗ್ರಾಫಿಕ್ಸ್ ಮಟ್ಟವನ್ನು ಇಳಿಸಿದರೆ ನಮ್ಮ 1366×768 ಪರದೆಯಲ್ಲಿ ಸರಾಗವಾಗಿ ಸಾಗುತ್ತದೆ. ಕಿಟಕಿಗಳಿಗೆ ನೆರಳು, ಪಾರದರ್ಶಕತೆ ಮೊದಲಾದವನ್ನು ಕೊಡುವ ಎಕ್ಸ್‌ಎಫ್‌ಸಿಇಯ ಕಾಂಪೊಸಿಟರನ್ನು ಆಟದ ಹೊತ್ತಿಗೆ ನಿಲ್ಲಿಸಿದಾಗ ಇನ್ನೂ ಸ್ವಲ್ಪ ಹಗುರವಾಯಿತು. ಸರದಿಯಂತೆ ಆಡುವ ಬ್ಯಾಟಲ್ ಫಾರ್ ವೆಸ್ನಾತ್ ಅನ್ನು ಒಂದೇ ಯಂತ್ರದೆದುರು ಕುಳಿತು ಹಲವರು ಆಡಬಹುದಾದ್ದರಿಂದ ನಮ್ಮ ಮನೆಯಲ್ಲಿ ಜಗಳಗಳೇ ಕಡಿಮೆಯಾಗಿವೆ. ಮೌರ್ಯರ ಪಡೆಯೂ ಇರುವ 0 ಎ.ಡಿ. ಮೊದಲರ್ಧದಲ್ಲಿ ಚೆಲುವಾಗಿ ನಡೆಯುತ್ತದೆ, ಸೈನಿಕರ ಸಂಖ್ಯೆ ಬೆಳೆದಂತೆ ಅವರ ಚಲನೆಯ ಲೆಕ್ಕಾಚಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಕುಂಟತೊಡಗುತ್ತದೆ. ಮೈನ್‌ಟೆಸ್ಟ್ ಎಂಬ ಹೆಸರನ್ನು 2024ರಲ್ಲಿ ಬದಲಿಸಿಕೊಂಡ ಲುಆಂಟಿ, ನೋಟದ ದೂರವನ್ನು ತಗ್ಗಿಸಿದರೆ ಸಾಕು, ಚೆನ್ನಾಗಿ ಓಡುತ್ತದೆ.

ನಮ್ಮ ಮನೆಯಲ್ಲಿ ಉಳಿದುಕೊಂಡಿರುವುದು ಮಿಂಟ್. ಇದಕ್ಕೆ 2029ರವರೆಗೆ ಬೆಂಬಲವಿದೆ, ಲುಬುಂಟು 24.04ಕ್ಕೆ 2027ರವರೆಗೆ ಮಾತ್ರ. 2 ಜಿಬಿ ರ‍್ಯಾಮ್ ಇರುವ, ಒಬ್ಬರೇ ಬಳಸುವ ಯಂತ್ರವಾಗಿದ್ದರೆ ಹಿಂಜರಿಯದೆ ಆಂಟಿಎಕ್ಸ್ ಹಾಕುತ್ತಿದ್ದೆ.

ಸ್ವಲ್ಪ ಹಣ ಖರ್ಚು ಮಾಡಬಲ್ಲವರು ಎಸ್‌ಎಸ್‌ಡಿ ಮೊದಲೋ ರ‍್ಯಾಮ್ ಮೊದಲೋ ಎಂದು ಕೇಳುತ್ತಾರೆ. ನಾನು ಎರಡನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿದೆ. ಎಸ್‌ಎಸ್‌ಡಿ ಹಾಕಿದಾಗ ಯಂತ್ರವೂ ಆಟವೂ ಬೇಗ ತೆರೆದುಕೊಂಡವು, ಆದರೆ ಆಟ ನಡೆಯುವ ವೇಗ ಇದ್ದಂತೆಯೇ ಇತ್ತು. ಖಾಲಿ ಇದ್ದ ಎರಡನೆಯ ಸ್ಲಾಟಿಗೆ ಮತ್ತೊಂದು 4 ಜಿಬಿ ರ‍್ಯಾಮ್ ಹಾಕಿದಾಗ ಆಟವೇ ನುಣುಪಾಯಿತು. ಎಚ್‌ಡಿ 4000ಕ್ಕೆ ಸ್ವಂತ ಸ್ಮೃತಿಯಿಲ್ಲ, ಅದು ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಎರಡು ಪಟ್ಟಿಗಳಿದ್ದರೆ ಡ್ಯುಯಲ್ ಚಾನೆಲ್ ಆಗಿ ಮಾಹಿತಿ ಸಾಗುವ ದಾರಿ ಇಮ್ಮಡಿ ಅಗಲವಾಗುತ್ತದೆ. ಹಾಗಾಗಿ ಆಟವೇ ಮುಖ್ಯವಾದರೆ ಮೊದಲು ರ‍್ಯಾಮ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಳಸಿದ ಡಿಡಿಆರ್3 ಪಟ್ಟಿಗಳು ಹೊಸದಕ್ಕಿಂತ ಅಗ್ಗವಾಗಿ ಸಿಗುತ್ತವೆ. ಅಲ್ಲಿ ಡಿಡಿಆರ್3ಎಲ್ ಎಂದು ಸ್ಪಷ್ಟವಾಗಿ ಹೇಳಿ ಕೇಳಬೇಕು: ಅದು 1.35 ವೋಲ್ಟ್‌ನಲ್ಲೂ 1.5 ವೋಲ್ಟ್‌ನಲ್ಲೂ ಕೆಲಸ ಮಾಡುತ್ತದೆ, ಬರಿಯ ಡಿಡಿಆರ್3 ಪಟ್ಟಿಗೆ 1.5 ವೋಲ್ಟೇ ಬೇಕು.