ಮಾರ್ಕ್ಲಿನ್ ಎಚ್‌ಓ ರೈಲು: ಮೂರು ತಲೆಮಾರಿನ ಬಳಕೆಯ ನಂತರ

ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಆಟದ ರೈಲಿನ ಬಗ್ಗೆ ಪೆಟ್ಟಿಗೆ ತೆರೆದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಮನೆಯ ಸೆಟ್ಟನ್ನು ಅಪ್ಪ 1970ರ ದಶಕದಲ್ಲಿ ಜರ್ಮನಿಯಿಂದ ತಂದರು, ನಾನು ಅದನ್ನು ಓಡಿಸುತ್ತಲೇ ಬೆಳೆದೆ, ಈಗ ಅದು ನನ್ನ ಮಗಳದು. ಇಷ್ಟು ದುಬಾರಿ ಸಾಮಾನನ್ನು ಮಕ್ಕಳಿಗೆ ಕೊಡಿಸಬಹುದೇ ಎಂದು ಅಳೆದು ತೂಗುತ್ತಿರುವ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಡಿಸಬಹುದು. ಆದರೆ ನೀವೂ ಮಗುವಿನ ಜೊತೆ ನೆಲದ ಮೇಲೆ ಕೂರುವುದಾದರೆ ಮಾತ್ರ.

ಅಪ್ಪ ಬೆಂಗಳೂರಿನ ಆಡುಗೋಡಿಯಲ್ಲಿ, ಜರ್ಮನಿಯ ಬಾಷ್ ಕಂಪನಿಗೆ ಸೇರಿದ ಮೈಕೋ ಕಾರ್ಖಾನೆಯಲ್ಲಿದ್ದರು. ತರಬೇತಿಗೆಂದು ಸ್ಟುಟ್‌ಗಾರ್ಟ್‌ಗೆ ಕಳಿಸಿದಾಗ ಭಾನುವಾರಗಳಲ್ಲಿ ಉಲ್ಮ್ ಕಡೆಯ ರೈಲು ಹತ್ತುತ್ತಿದ್ದರಂತೆ. ಆ ದಾರಿಯಲ್ಲೇ ಗ್ಯೋಪಿಂಗೆನ್ ಸಿಗುತ್ತದೆ. 1859ರಲ್ಲಿ ಗೊಂಬೆಮನೆಗೆ ತಗಡಿನ ಪುಟ್ಟ ಅಡುಗೆ ಪಾತ್ರೆ ಮಾಡುತ್ತ ಮಾರ್ಕ್ಲಿನ್ ಕಂಪನಿ ಶುರುವಾದದ್ದು ಆ ಊರಲ್ಲಿ. 1891ರ ಲೈಪ್‌ಜಿಗ್ ಮೇಳದಲ್ಲಿ ಅವರು ನಿಗದಿತ ಅಳತೆಯ ಹಳಿಗಳ ಮೇಲೆ ಆಟದ ರೈಲನ್ನು ತೋರಿಸಿದರು. ಇವತ್ತು ಒಂದಿಷ್ಟು ಹಳಿ, ಮುಂದಿನ ಹಬ್ಬಕ್ಕೆ ಒಂದು ಬೋಗಿ, ಹೀಗೆ ಸೇರಿಸುತ್ತ ಹೋಗುವ ಪದ್ಧತಿ ಬೇರೂರಿದ್ದು ಅಲ್ಲಿಂದ. ನಮ್ಮದು ಎಚ್‌ಓ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಗಾತ್ರದ್ದು; ಅದಕ್ಕೆ ಬಳಸುವ 16.5 ಮಿಲಿಮೀಟರ್ ಅಗಲದ ಹಳಿ 1935ರಿಂದ ಇದೆ.

ಈ ರೈಲಿನ ನಿಜವಾದ ಗಟ್ಟಿತನ ಇರುವುದು ಆ ಅಳತೆಯಲ್ಲೇ. ಅಪ್ಪ ತಂದದ್ದು ತಗಡಿನ ಎಂ ಹಳಿ. ನಾನು ಆಮೇಲೆ ಕೊಂಡದ್ದು 1996ರಲ್ಲಿ ಬಂದ ಪ್ಲಾಸ್ಟಿಕ್ ತಳದ ಸಿ ಹಳಿ. ಎರಡನ್ನೂ ಜೋಡಿಸಲು ಒಂದು ಸಣ್ಣ ಜೋಡಣೆ ಹಳಿ ಸಿಗುತ್ತದೆ. ಅಪ್ಪನ ಪುಟ್ಟ ಕಪ್ಪು ಇಂಜಿನ್, 3000 ಸಂಖ್ಯೆಯದು, ತಗಡಿನ ಮೇಲಿಂದ ಪ್ಲಾಸ್ಟಿಕ್ಕಿನ ಮೇಲೆ ಒಂದು ಕುಲುಕೂ ಇಲ್ಲದೆ ದಾಟುತ್ತದೆ. ಅಪ್ಪನ ಕಾಲದ ಸಾಮಾನು ಮಗಳ ಕಾಲದ್ದಕ್ಕೆ ಹೊಂದದಿದ್ದರೆ ಅದು ಷೋಕೇಸ್ ಸೇರುತ್ತಿತ್ತು. ನಮ್ಮಲ್ಲಿ ಅದು ದಿನವೂ ಕೆಲಸ ಮಾಡುತ್ತಿದೆ.

ಮಕ್ಕಳ ಮಟ್ಟಿಗೆ ಇನ್ನೊಂದು ಅನುಕೂಲ ಇದಕ್ಕಿಂತ ದೊಡ್ಡದು. ಬೇರೆ ಕಂಪನಿಗಳ ಎರಡು ಹಳಿಯ ರೈಲಿನಲ್ಲಿ ವಿದ್ಯುತ್ ಒಂದು ಹಳಿಯಿಂದ ಬಂದು ಇನ್ನೊಂದರಲ್ಲಿ ವಾಪಸು ಹೋಗುತ್ತದೆ. ಹಾಗಾಗಿ ಹೋದ ರೈಲು ಸುತ್ತು ಹೊಡೆದು ಅದೇ ಹಳಿಗೆ ವಾಪಸು ಸೇರುವ ಹಾಗೆ ದಾರಿ ಹಾಕಿದರೆ, ಬೇರೆ ವೈರಿಂಗ್ ಮಾಡದಿದ್ದಲ್ಲಿ ಶಾರ್ಟ್ ಆಗುತ್ತದೆ. ಮಾರ್ಕ್ಲಿನ್ ಎಚ್‌ಓದಲ್ಲಿ ಹಳಿಯ ನಡುವೆ ಸಾಲಾಗಿ ಸಣ್ಣ ಮೊಳೆಗಳಿವೆ. ಇಂಜಿನ್ನಿನ ಹೊಟ್ಟೆಯ ಕೆಳಗಿನ ಪಟ್ಟಿ ಅವುಗಳ ಮೇಲೆ ಜಾರುತ್ತ ವಿದ್ಯುತ್ ತೆಗೆದುಕೊಳ್ಳುತ್ತದೆ, ಎರಡೂ ಹಳಿಗಳು ವಾಪಸಿನ ದಾರಿ. ಮಗು ಹೇಗೆ ಬೇಕಾದರೂ ಹಳಿ ಹಾಕಲಿ, ರೈಲು ಓಡುತ್ತದೆ. ಏಳೆಂಟು ವರ್ಷದ ಮಗು ತನ್ನದೇ ದಾರಿ ಕಟ್ಟಿ ಗಾಡಿ ಬಿಟ್ಟಾಗ "ಹಾಗೆ ಹಾಕಬೇಡ" ಅನ್ನುವ ಸಂದರ್ಭವೇ ಬರುವುದಿಲ್ಲ. ಅಪ್ಪ ನನಗೆ ಆ ಮಾತು ಹೇಳಿದ್ದು ನೆನಪಿಲ್ಲ, ನಾನೂ ಮಗಳಿಗೆ ಹೇಳಿಲ್ಲ.

ಓಡಿಸುವುದು ಸರಳ. ಗುಂಡಿ ತಿರುಗಿಸಿದಷ್ಟೂ ವೇಗ, ಹೆಚ್ಚೆಂದರೆ 16 ವೋಲ್ಟ್. ಸೊನ್ನೆಗಿಂತ ಹಿಂದಕ್ಕೆ ಒತ್ತಿದರೆ 24 ವೋಲ್ಟಿನ ಒಂದು ಕ್ಷಣದ ಹೊಡೆತ ಹೋಗಿ, ಇಂಜಿನ್ ಒಳಗಿನ ರಿಲೇ ಸ್ವಿಚ್ ಟಕ್ ಅಂತ ಹೊರಳಿ, ದಿಕ್ಕು ಬದಲಾಗುತ್ತದೆ. ನಮ್ಮಲ್ಲೂ 50 ಹರ್ಟ್ಸ್ ವಿದ್ಯುತ್ ಇರುವುದರಿಂದ ಪ್ಲಗ್ ಬದಲಿಸಿದರೆ ಸಾಕಿತ್ತು. ಆದರೂ ಒಂದು ಎಚ್ಚರಿಕೆ: 220 ವೋಲ್ಟ್ ಕಾಲದ ಹಳೆಯ ಲೋಹದ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ಮಕ್ಕಳ ಕೈಗೆ ಬೇಡ. ವೈರಿನ ಹೊದಿಕೆ ಒಣಗಿರುತ್ತದೆ, ಮತ್ತು ಅದರ ಹೊಡೆತ ಹೊಸ ಡಿಜಿಟಲ್ ಇಂಜಿನ್ನಿನ ಎಲೆಕ್ಟ್ರಾನಿಕ್ಸನ್ನು ಸುಡಬಹುದು. ನಾವು 230 ವೋಲ್ಟಿನ ಹೊಸದಕ್ಕೆ ಬದಲಾಯಿಸಿಕೊಂಡೆವು.

ಬಾಳಿಕೆಯ ವಿಷಯಕ್ಕೆ ಬಂದರೆ, 3000ರ ಎರಕದ ಲೋಹದ ಮೈ ಹಾಗೇ ಇದೆ. ಒಂದು ಸ್ಕ್ರೂ ಬಿಚ್ಚಿದರೆ ಮೋಟಾರು ಎದುರಿಗೇ ಕಾಣುತ್ತದೆ. ಸವೆಯುವುದು ಎರಡು ಭಾಗ: ತಿರುಗುವ ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಬ್ರಷ್ಷುಗಳು ಮತ್ತು ಚಕ್ರಕ್ಕೆ ಹಿಡಿತ ಕೊಡುವ ರಬ್ಬರ್ ಉಂಗುರಗಳು. ಎರಡೂ ಇವತ್ತಿಗೂ ಹೊಸದಾಗಿ ಸಿಗುತ್ತವೆ. ತಗಡಿನ ಹಳಿಗೆ ಮಳೆಗಾಲ ಆಗಿಬರುವುದಿಲ್ಲ. ಜೋಡಣೆಗಳಲ್ಲಿ ತುಕ್ಕು ಹಿಡಿದು ಗಾಡಿ ತಡವರಿಸುತ್ತದೆ. ಕರಾವಳಿಯವರು ಸಿ ಹಳಿಯನ್ನೇ ತೆಗೆದುಕೊಳ್ಳಿ. ಉಪ್ಪುಕಾಗದದಿಂದ ಉಜ್ಜಬೇಡಿ, ಸ್ಪಿರಿಟ್ ಅದ್ದಿದ ಬಟ್ಟೆ ಸಾಕು.

ಅಪ್ಪ ಮಿತಭಾಷಿ. ಪರೀಕ್ಷೆ, ಅಂಕ, ಕೆಲಸ ಯಾವುದರ ಬಗ್ಗೆಯೂ ನಮ್ಮಿಬ್ಬರ ಮಾತು ಉದ್ದ ಹೋದದ್ದಿಲ್ಲ. ಬ್ರಷ್ ಬದಲಿಸುವ ಹೊತ್ತಿನಲ್ಲಿ ಮಾತ್ರ ಅವರು ತಾವಾಗಿ ಮಾತಾಡುತ್ತಿದ್ದರು: ಒಂದು ಹನಿಗಿಂತ ಹೆಚ್ಚು ಎಣ್ಣೆ ಯಾಕೆ ಬಿಡಬಾರದು, ಸ್ಟುಟ್‌ಗಾರ್ಟಿನ ಚಳಿಯಲ್ಲಿ ಅನ್ನ ಹೇಗೆ ಮಾಡಿಕೊಳ್ಳುತ್ತಿದ್ದರು, ನಾನು ಹುಟ್ಟಿದ ಸುದ್ದಿಯ ಕಾಗದ ಎಷ್ಟು ತಡವಾಗಿ ಕೈಸೇರಿತು. ಎದುರು ಕೂತು ಮುಖ ನೋಡಿ ಹೇಳಲಾಗದ್ದು ಇಬ್ಬರ ಕಣ್ಣೂ ಒಂದೇ ಮೋಟಾರಿನ ಮೇಲಿದ್ದಾಗ ಬರುತ್ತಿತ್ತು. ಈಗ ಅವರ ಕೈ ನಡುಗುತ್ತದೆ. ಸ್ಕ್ರೂ ಬಿಚ್ಚುವುದು ಮಗಳು, ಹೇಳಿಕೊಡುವುದು ಅವರು.

"ತಾತ, ಇದ್ಯಾಕೆ ಏರು ಹತ್ತಲ್ಲ?"

"ಚಕ್ರ ಮುಟ್ಟಿ ನೋಡು ಪುಟ್ಟಿ. ರಬ್ಬರ್ ಗಟ್ಟಿಯಾಗಿದೆಯಾ?"

ಆ ಏರಿನ ವಿಷಯ ಹೇಳಲೇಬೇಕು. ಗ್ಯೋಪಿಂಗೆನ್ ದಾಟಿದ ಮೇಲೆ ಗೈಸ್ಲಿಂಗೆನ್ ಘಾಟಿ ಬರುತ್ತದೆ. 1850ರಲ್ಲಿ ತೆರೆದ ಹಾದಿ, ಸುಮಾರು 44 ಮೀಟರಿಗೆ ಒಂದು ಮೀಟರ್ ಏರು, ಭಾರದ ಗಾಡಿಗಳನ್ನು ಹಿಂದಿನಿಂದ ಇನ್ನೊಂದು ಇಂಜಿನ್ ತಳ್ಳುತ್ತದೆ. ಅಪ್ಪ ಇದನ್ನು ಹೇಳುತ್ತಿದ್ದಾಗ ಮಗಳಿಗೆ ನೆನಪಾದದ್ದು ನಾವು ರೈಲಿನಲ್ಲಿ ಇಳಿದಿದ್ದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ. ಅಲ್ಲಿ 50ಕ್ಕೆ 1 ಏರು, ಅಲ್ಲೂ ಹಿಂದಿನಿಂದ ತಳ್ಳುವ ಇಂಜಿನ್. ಅದನ್ನೇ ಕಟ್ಟೋಣ ಎಂದಳು. 50ಕ್ಕೆ 1 ಅಂದರೆ ಮೀಟರಿಗೆ ಎರಡು ಸೆಂಟಿಮೀಟರ್. ಒಂದು ಹಳಿ ಇನ್ನೊಂದರ ಮೇಲೆ ದಾಟಲು ಸುಮಾರು 8 ಸೆಂಟಿಮೀಟರ್ ಎತ್ತರ ಬೇಕು, ಅಂದರೆ ನಾಲ್ಕು ಮೀಟರ್ ಉದ್ದದ ಏರು. ನಮ್ಮ ತಿರುವಿನ ತ್ರಿಜ್ಯ 36 ಸೆಂಟಿಮೀಟರ್. ಪೂರ್ತಿ ಸುತ್ತು 2.26 ಮೀಟರ್, ಅಷ್ಟರಲ್ಲಿ ಏರುವುದು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಶಾಲೆಯಲ್ಲಿ ಕಲಿತ ಪೈ ಹಿಡಿದು ಈ ಲೆಕ್ಕ ಮಾಡಿದ್ದು ಮಗಳೇ, ತಪ್ಪಿಲ್ಲವೆಂದು ನೋಡಿದ್ದು ತಾತ. ಸುತ್ತಿ ಏರಿಸುವುದು ಆಗದ ಮಾತಾದ್ದರಿಂದ ಹಳಿಯನ್ನು ಕೋಣೆಯ ಎರಡು ಗೋಡೆಗುಂಟ ಹತ್ತಿಸಿದೆವು. ನಾಲ್ಕು ಬೋಗಿ ಎಳೆಯಲು ಒಂದು ಇಂಜಿನ್ ಸೋತಾಗ 3000 ಹಿಂದಿನಿಂದ ತಳ್ಳುತ್ತದೆ.

ಕೊರತೆಗಳೂ ಇವೆ. ಬೆಲೆ ವಿಪರೀತ: ಒಳ್ಳೆಯ ಹೊಸ ಉಗಿ ಇಂಜಿನ್ನಿಗೆ ಮುನ್ನೂರು, ನಾನೂರು ಯೂರೋ ಸಾಮಾನ್ಯ. ಮೇಲೆ ಭಾರತದಲ್ಲಿ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದಾರೆ. ತಗಡಿನ ಹಳಿಯ ಸದ್ದು ಜೋರು, ಮಧ್ಯಾಹ್ನ ಮಲಗುವವರಿರುವ ಮನೆಗೆ ಕಷ್ಟ. ನಮ್ಮ ರೈಲುಗಳೇ ಬೇಕೆನ್ನುವವರಿಗೆ ಇದು ಹೊಂದುವುದಿಲ್ಲ: ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.3 ಬರುತ್ತದೆ, 16.5ರ ಹಳಿಯ ಮೇಲೆ ನಮ್ಮ ಬೋಗಿಯ ನಿಲುವು ಸರಿಕಾಣದು.

ತೀರಾ ಚಿಕ್ಕ ಮಕ್ಕಳಿಗೆ ಇದೇ ಕಂಪನಿಯ ಬ್ಯಾಟರಿ ರೈಲು ಸಾಕು, ಬೋಗಿಗಳು ಅಯಸ್ಕಾಂತದಿಂದ ಅಂಟಿಕೊಳ್ಳುತ್ತವೆ. ಎಂಟರ ಆಸುಪಾಸಿನ ಮಗುವಿಗೆ, ಜರ್ಮನಿಯಿಂದ ಬರುವವರು ಯಾರಾದರೂ ಇದ್ದರೆ, ಸೆಕೆಂಡ್ ಹ್ಯಾಂಡ್ ಹಳೆಯ ಇಂಜಿನ್ನನ್ನೇ ತರಿಸಿ; ಬಿಚ್ಚಿ ಜೋಡಿಸಿ ಕಲಿಯಲು ಡಿಜಿಟಲ್‌ಗಿಂತ ಅದೇ ಮೇಲು. ಮೊದಲ ಸಲ ಎರಡನೇ ಇಂಜಿನ್ ಬೇಡ. ಆ ದುಡ್ಡಿಗೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಒಂದು ಜೊತೆ ಪಾಯಿಂಟ್ ಮತ್ತು ಆದಷ್ಟು ನೇರ ಹಳಿ ಕೊಳ್ಳಿ, ಜೊತೆಗೆ ಒಂದು ಪೊಟ್ಟಣ ರಬ್ಬರ್ ಉಂಗುರ.