ನಗರದ ಅಧ್ಯಯನಕ್ಕೆ ಮಾಹಿತಿ: ರೆಡಿ ಅಂಕಿ, ಆರ್‌ಟಿಐ, ಇಲ್ಲ ಮನೆ ಬಾಗಿಲು?

ಬೆಂಗಳೂರಿನ ಶಾಲೆ, ಕೆಲಸ, ನ್ಯಾಯದ ಬಗ್ಗೆ ಪ್ರಾಜೆಕ್ಟ್ ಮಾಡುವವರು ಮಾಹಿತಿ ಎಲ್ಲಿಂದ ತರೋದು ಅಂತ ಕೇಳಿದ್ದಾರೆ. ದಾರಿ ಮೂರಿವೆ.

ಖರ್ಚು ನೋಡಿದರೆ ಸರ್ಕಾರದ ರೆಡಿ ಅಂಕಿಅಂಶವೇ ಸಲೀಸು, ಪುಕ್ಕಟೆ. ಒಂದು ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಟೀಚರ್‌ಗಳು ಅನ್ನೋದು ಶಾಲೆಗಳ ಸರ್ಕಾರಿ ದತ್ತಾಂಶವಾದ ಯುಡೈಸ್‌ನಲ್ಲಿದೆ. ಬಾಕಿ ಕೇಸುಗಳ ಲೆಕ್ಕ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ನಲ್ಲಿ ಸಿಗುತ್ತದೆ. ಕೆಲಸದ ವಿಷಯಕ್ಕೆ ಬಂದರೆ ಮಾತ್ರ ಕೈಕೊಡುತ್ತದೆ. ಕೇಂದ್ರ ಸರ್ಕಾರ ಕೆಲಸ, ನಿರುದ್ಯೋಗದ ಬಗ್ಗೆ ಮಾಡುವ ಪಿಎಲ್‌ಎಫ್‌ಎಸ್ ಸರ್ವೆಯಲ್ಲಿ ಪೀಣ್ಯದ ಒಂದು ಬೀದಿಯ ಕಥೆ ಹುಡುಕಿದರೆ ಸಿಗಲ್ಲ.

ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ 10 ರೂಪಾಯಿ. ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, ಸುಮಾರು 150 ಪದದೊಳಗೆ ಇರಬೇಕು. ‘ಎಷ್ಟು ಹುದ್ದೆ ಖಾಲಿ?’ ಅಂತ ಕೇಳಿ. ‘ಯಾಕೆ ತುಂಬಿಲ್ಲ?’ ಅಂತ ಕೇಳಿದರೆ ಸುಮ್ನೆ ಸುತ್ತಾಟ. ಉತ್ತರ ಬರದಿದ್ದರೆ ಮೇಲ್ಮನವಿ, ಮತ್ತೆ ಕಾಯುವಿಕೆ. ಮುಂದಿನ ತಿಂಗಳೇ ವರದಿ ಕೊಡಬೇಕಾದವರು ಇದನ್ನೇ ನಂಬಿ ಕೂರಬೇಡಿ.

ಮನೆ ಮನೆ ಸರ್ವೆಗೆ ಶ್ರಮ ಜಾಸ್ತಿ, ಆದರೆ ನನಗೆ ಇದೇ ಇಷ್ಟ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಫ್ಯಾಕ್ಟರಿ ಗೇಟಿನಲ್ಲಿ ನಿಲ್ಲಿಸಿ ಓಟಿ (ಹೆಚ್ಚುವರಿ ಹೊತ್ತಿನ ಕೆಲಸದ) ದುಡ್ಡು ಬಂತಾ ಅಂತ ಕೇಳಿದರೆ ಯಾರು ಬಾಯಿ ಬಿಡ್ತಾರೆ? ಸೂಪರ್‌ವೈಸರ್ ಅಲ್ಲೇ ಇರ್ತಾನೆ ಅಲ್ವಾ! ಭಾನುವಾರ ಅವರ ಮನೆಗೇ ಹೋಗಿ. ದೂರು ಯಾಕೆ ಕೊಡಲಿಲ್ಲ, ಮಗಳು ಶಾಲೆ ಯಾಕೆ ಬಿಟ್ಟಳು ಅನ್ನೋದೆಲ್ಲ ಆಗ ಹೊರಬರುತ್ತದೆ. ಐವತ್ತು ಮನೆ ಕೇಳಿ ‘ಬೆಂಗಳೂರು ಹೀಗಿದೆ’ ಅಂತ ಮಾತ್ರ ಬರೆಯಬೇಡಿ.

ಇಡೀ ನಗರದ ಚಿತ್ರ ಬೇಕಿದ್ದರೆ ರೆಡಿ ಅಂಕಿ ಸಾಕು. ಒಂದು ಇಲಾಖೆಯನ್ನು ಪ್ರಶ್ನಿಸುವುದಿದ್ದರೆ ಆರ್‌ಟಿಐ ಹಾಕಿ. ಒಂದೇ ಬಡಾವಣೆಯ ಬದುಕು ಬೇಕಾದರೆ ಚಪ್ಪಲಿ ಸವೆಸಲೇಬೇಕು.