ಪೋಸ್ಟ್ ಆಫೀಸಿನ ಎಸ್‌ಬಿ ಖಾತೆ: ಎರಡು ವರ್ಷ ಬಳಸಿದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹೊಲಿಗೆ ಕೆಲಸ ಮಾಡುವವಳು ನಾನು. ಎರಡು ವರ್ಷದಿಂದ ದುಡಿದದ್ದನ್ನು ಪೋಸ್ಟ್ ಆಫೀಸಿನ ಉಳಿತಾಯ ಖಾತೆಯಲ್ಲಿ ಇಡುತ್ತಿದ್ದೇನೆ. ಗಂಡನ ಕೈಗೆ ಸಿಗದ ಹಾಗೆ ನಾಲ್ಕು ಕಾಸು ಇಡಲು ಜಾಗ ಹುಡುಕುವ ಹೆಂಗಸರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಬ್ಯಾಂಕಿನಲ್ಲಿ ನಮ್ಮಿಬ್ಬರ ಜಾಯಿಂಟ್ ಖಾತೆ ಇತ್ತು. ಪಾಸ್‌ಬುಕ್ಕಿನಲ್ಲಿ ‘ಐದರ್ ಆರ್ ಸರ್ವೈವರ್’ ಅಂತ ಇತ್ತು. ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ಹಣ ತೆಗೆಯಬಹುದು ಎಂದು ಅದರ ಅರ್ಥ. ನನಗೆ ಅದು ಗೊತ್ತಾದದ್ದು ಜೂನ್ ತಿಂಗಳಲ್ಲಿ, ಮಗಳ ಶಾಲೆಯ ಖರ್ಚಿಗೆಂದು ಹೋಗಿ ಎಂಟ್ರಿ ಹಾಕಿಸಿದಾಗ. 31,000 ಇರಬೇಕಾದಲ್ಲಿ 212 ರೂಪಾಯಿ ಉಂಟು. ಹಣ ತೆಗೆದ ಮೆಸೇಜೆಲ್ಲ ಹೋಗುತ್ತಿದ್ದದ್ದು ಗಂಡನ ಮೊಬೈಲಿಗೆ. ಅಷ್ಟರೊಳಗೆ ನನ್ನ ಎರಡು ಬಳೆಯನ್ನೂ ಅಡವು ಇಟ್ಟಾಗಿತ್ತು. ಅಡವಿನ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಅದು ಮಲಯಾಳದಲ್ಲಿತ್ತು, ನಾನು ಕಲಿತದ್ದು ಕನ್ನಡ ಮೀಡಿಯಂ. ಏನು ಬರೆದಿದೆ ಅಂತ ಕೇಳಿದ್ದಕ್ಕೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂದರು. ಮತ್ತೆ ಕೇಳಲಿಲ್ಲ.

ಪೋಸ್ಟ್ ಆಫೀಸಿನಲ್ಲಿ ಖಾತೆ ತೆರೆಯಲು 500 ರೂಪಾಯಿ ಸಾಕು. ಆಧಾರ್, ಪ್ಯಾನ್, ಫೋಟೋ ಹಿಡಿದುಕೊಂಡು ಹೋದೆ. ಕೌಂಟರಿನಲ್ಲಿದ್ದ ಅಕ್ಕನಿಗೆ ತುಳು ಬರುತ್ತಿತ್ತು. ಫಾರ್ಮಿನ ಒಂದೊಂದು ಗೆರೆಯನ್ನೂ ಓದಿ ತುಳುವಿನಲ್ಲಿ ಹೇಳಿದರು. ‘ಸಿಂಗಲ್’ ಅನ್ನುವಲ್ಲಿ ಟಿಕ್ ಹಾಕುವ ಮೊದಲು ಒಮ್ಮೆ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದೇ ನನಗೆ ದೊಡ್ಡ ಉಪಕಾರ. ನಾಮಿನಿ ಅಮ್ಮ. ಪಾಸ್‌ಬುಕ್ ಇರುವುದು ತವರಿನಲ್ಲಿ.

ಆದರೆ ಖಾತೆಗಿಂತ ಮೊದಲು ಸರಿ ಮಾಡಬೇಕಾದದ್ದು ಮೊಬೈಲ್ ನಂಬರು. ನನ್ನ ಆಧಾರಿಗೆ ಜೋಡಿಸಿದ್ದು ಗಂಡನ ನಂಬರು. ಒಟಿಪಿ ಅವರಿಗೆ ಹೋಗುವಷ್ಟು ದಿನ ಎಲ್ಲಿ ಹಣ ಇಟ್ಟರೂ ಹೆದರಿಕೆಯೇ. ನನ್ನ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡು ಆಧಾರ್ ಕೇಂದ್ರಕ್ಕೆ ಹೋದೆ. ಅಲ್ಲಿ ನಂಬರು ಬದಲಿಸಲು ಬೆರಳು ಒತ್ತಬೇಕು, ಗಂಡನ ಒಪ್ಪಿಗೆ, ಸಹಿ ಏನೂ ಬೇಡ. ಸೂಜಿ ಚುಚ್ಚಿ ಚುಚ್ಚಿ ನನ್ನ ಹೆಬ್ಬೆರಳು ಒರಟಾಗಿದೆ, ಮೆಷಿನ್ ಮೂರು ಸಲ ತೆಗೆದುಕೊಳ್ಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿ ನಾಲ್ಕನೇ ಸಲ ಒತ್ತಿದಾಗ ಆಯಿತು. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ.

ಎಟಿಎಂ ಕಾರ್ಡ್ ನಾನು ತೆಗೆದುಕೊಳ್ಳಲಿಲ್ಲ. ಹಿಂದಿನ ಕಾರ್ಡು, ಪಿನ್ ಎರಡೂ ಅವರ ಪರ್ಸಿನಲ್ಲಿತ್ತು. ಈಗ ಪಾಸ್‌ಬುಕ್ ಕೊಟ್ಟು ಎಸ್‌ಬಿ-7 ಫಾರ್ಮ್ ಬರೆದು ಹಣ ತೆಗೆಯುತ್ತೇನೆ. ಇದರಲ್ಲಿ ಕಷ್ಟವೂ ಉಂಟು. ಒಂದು ಭಾನುವಾರ ರಾತ್ರಿ ಮಗಳಿಗೆ ಜ್ವರ ಬಂದಾಗ ಆಟೋಕ್ಕೆ ನೆರೆಮನೆಯಲ್ಲಿ ಸಾಲ ಕೇಳಬೇಕಾಯಿತು. ಬಡ್ಡಿ ವರ್ಷಕ್ಕೆ ಶೇಕಡಾ 4 ಮಾತ್ರ, ಅದೂ ಪ್ರತಿ ತಿಂಗಳ 10ನೇ ತಾರೀಕಿನಿಂದ ಕೊನೆಯವರೆಗೆ ಇದ್ದ ಅತಿ ಕಡಿಮೆ ಮೊತ್ತದ ಮೇಲೆ. ಹಾಗಾಗಿ ಕಟ್ಟುವುದನ್ನು 10ರೊಳಗೆ ಕಟ್ಟಿ. ತಿಂಗಳು ತಿಂಗಳು ಕಟ್ಟಲು ಆಗುವವರು ಆರ್‌ಡಿ ಮಾಡಬಹುದು, 100 ರೂಪಾಯಿಯಿಂದ ಶುರು, ಐದು ವರ್ಷ.

ಹೋದ ಬಳೆಯನ್ನು ಈ ಖಾತೆ ತಂದುಕೊಡುವುದಿಲ್ಲ. ಅದಕ್ಕೆ ಬೇರೆ ದಾರಿ ಉಂಟು ಅಂತ ನಮ್ಮ ಕುಟುಂಬಶ್ರೀ ಕೂಟದಲ್ಲಿ (ಹೆಂಗಸರ ಸ್ವಸಹಾಯ ಗುಂಪು) ತಿಳಿಯಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಬಡಿತ ಮಾತ್ರ ಅಲ್ಲ, ಹೆಂಡತಿಯ ಹಣ, ಚಿನ್ನ ಕಸಿದುಕೊಳ್ಳುವುದು, ಮನೆಖರ್ಚಿಗೆ ಕೊಡದೆ ಇರುವುದು ಕೂಡ ದೌರ್ಜನ್ಯವೇ. ಜಾಯಿಂಟ್ ಖಾತೆಯನ್ನೂ ಲಾಕರನ್ನೂ ಗಂಡ ಮುಟ್ಟದ ಹಾಗೆ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಹಿಂದೆ ಸರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಫೋನ್ 15100. ಮಹಿಳಾ ಸಹಾಯವಾಣಿ 181. ನಿಮ್ಮ ಮೊಬೈಲನ್ನು ಮನೆಯಲ್ಲಿ ನೋಡುವವರಿದ್ದರೆ ಬೇರೆಯವರ ಫೋನಿನಿಂದ ಮಾಡಿ. ನಾನು ಹೊಲಿಗೆ ಅಂಗಡಿಯ ಫೋನಿನಿಂದ ಮಾಡಿದ್ದು.

ಆ ಕಾಯ್ದೆಯಲ್ಲಿ ನಾನು ಹಾಕಿದ ಅರ್ಜಿ ಇನ್ನೂ ನಡೆಯುತ್ತಾ ಉಂಟು. ಸಹಿ ಹಾಕುವ ಮೊದಲು ವಕೀಲರಿಂದ ಕೊನೆಯ ಗೆರೆಯವರೆಗೆ ಕನ್ನಡದಲ್ಲಿ ಹೇಳಿಸಿಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು.